ಇಬ್ಬರಿಗೂ ಒಂದೇ ಐಡಿ

ದಿನಾ ಬೆಳಿಗ್ಗೆ ಕಾಲೇಜಿನ ಹಳೆಯ ಗೆಳತಿಯೊಬ್ಬಳು ನನ್ನ ಮೊಬೈಲಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾಳೆ, ಮೇಲೆ ಶುಭೋದಯ ಎಂದು ಬರೆದದ್ದು. ನಾನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನ ಸಿಟ್ಟು ಅದು.

ಬೆಳಗಾವಿಯಲ್ಲಿ ಡಿಗ್ರಿ ಓದುವಾಗ ನಾನು ಬೀಡಿ ಎಂಬ ಹಳ್ಳಿಯಿಂದ ಬಂದ ಹಾಸ್ಟೆಲ್ ಹುಡುಗಿ, ಆಕೆ ಶಿವಬಸವ ನಗರದ ಬಟ್ಟೆ ವ್ಯಾಪಾರಿಗಳ ಮಗಳು. ಆಗಷ್ಟೇ ಸೈಬರ್ ಕೆಫೆಗಳು ಬಂದಿದ್ದವು. ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಇಬ್ಬರ ಹೆಸರನ್ನೂ ಅರ್ಧರ್ಧ ಜೋಡಿಸಿ ಒಂದು ಚಾಟಿಂಗ್ ಐಡಿ ಮಾಡಿದೆವು. ಬೇರೆ ಬೇರೆ ಬೇಕೆಂದು ನಮಗೆ ಹೊಳೆಯಲೇ ಇಲ್ಲ. ಪಾಸ್‌ವರ್ಡ್ ನಮ್ಮ ಮನೆಯ ಎಮ್ಮೆಯ ಹೆಸರು. ಒಂದು ನಿಯಮವನ್ನೂ ನಾನೇ ಮಾಡಿದ್ದೆ: ಹೊಸಬರು ಮಾತಾಡಿಸಿದರೆ ಮೊದಲು ಊರು ಕೇಳಬೇಕು, ನಮ್ಮ ಕಡೆಯವರಾದರೆ ತಕ್ಷಣ ಲಾಗೌಟ್ ಮಾಡಿ ಎದ್ದುಬಿಡಬೇಕು. ಮನೆಗೆ ಸುದ್ದಿ ಮುಟ್ಟಿದರೆ ನಮ್ಮ ಕಥೆ ಮುಗಿದಂತೆಯೇ!

ಓದು ಮುಗಿದು ನನಗೆ ಖಾನಾಪುರದಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಒಂದು ಕಂಪ್ಯೂಟರ್. ಕರೆಂಟ್ ಇದ್ದರೆ ಲೈನ್ ಇಲ್ಲ, ಲೈನ್ ಇದ್ದರೆ ಕರೆಂಟ್ ಇಲ್ಲ. ಆದರೂ ಹೋಗುತ್ತಿದ್ದೆ. ನಮ್ಮ ಐಡಿಗೆ ನಾವೇ ಮೇಲ್ ಬರೆದುಕೊಳ್ಳುತ್ತಿದ್ದೆವು. ಆಕೆಯದನ್ನು ನಾನು ಓದುತ್ತಿದ್ದೆ, ನನ್ನದನ್ನು ಆಕೆ. ನನ್ನನ್ನು ನೋಡಲು ಬಂದು, ಬಣ್ಣ ಕಡಿಮೆ ಎಂದು ಹೇಳಿಕಳಿಸಿದ ವರನ ಸಂಗತಿಯನ್ನೂ ಅಲ್ಲೇ ತೋಡಿಕೊಂಡಿದ್ದೆ. ಆ ದಿನ ಎಷ್ಟು ಅತ್ತೆನೆಂದು ಅವ್ವನಿಗೂ ಹೇಳಿರಲಿಲ್ಲ.

ಒಂದು ಸಂಜೆ ಎಮ್ಮೆಯ ಹೆಸರು ನಡೆಯಲಿಲ್ಲ. ಮತ್ತೆ ಮತ್ತೆ ಒತ್ತಿದೆ.

"ಯಾರೋ ಪಾಸ್‌ವರ್ಡ್ ಬದಲ್ ಮಾಡ್ಯಾರ ನೋಡ್ರಿ," ಎಂದ ಅಂಗಡಿಯವನ ಮೇಲೆ ಹರಿಹಾಯ್ದೆ. ನನ್ನ ಗೆಳತಿ ಹಾಗೆ ಮಾಡುವವಳೇ?

ಭಾನುವಾರ ಬಸ್ಸು ಹಿಡಿದು ಬೆಳಗಾವಿಗೆ ಹೋದೆ. ಆಕೆಯ ತಾಯಿ "ಬಾರವಾ, ಕುಂದರು" ಎಂದು ಅವಲಕ್ಕಿ ತಂದುಕೊಟ್ಟರು. ಅವರು ಒಳಗೆ ಹೋದ ಮೇಲೆ ಕೇಳಿದೆ.

"ಅಯ್ಯ, ನಿನಗ ಹೇಳೂದ ಮರ್ತೆ ನೋಡು," ಎಂದಳು ಆಕೆ. "ಈಗ ನನಗ ಭಾಳ ಮಂದಿ ಫ್ರೆಂಡ್ಸ್ ಆಗ್ಯಾರ. ಅವರು ಬರ್ದಿದ್ದು ನೀ ಓದೂದು ಬರೋಬ್ಬರಿ ಅನಸ್ಲಿಲ್ಲ. ರೊಕ್ಕೇನ ಬೇಕಿಲ್ಲ, ಫುಕಟ್ ಐತಲ್ಲ, ನೀನೂ ಒಂದು ಹೊಸಾದು ಮಾಡ್ಕೊ."

"ಮತ್ತ ನಾ ಬರ್ದಿದ್ದು?"

"ಜಾಗಾ ತುಂಬಿತ್ತು. ಹಳೇದೆಲ್ಲಾ ತಗದಬಿಟ್ಟೆ."

ನನ್ನ ಅರ್ಧ ಹೆಸರನ್ನು ಮಾತ್ರ ತೆಗೆದಿರಲಿಲ್ಲ. ಅದನ್ನಿಟ್ಟುಕೊಂಡೇ ಊರೆಲ್ಲ ಗೆಳೆಯರನ್ನು ಮಾಡಿಕೊಂಡಿದ್ದಳು. ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಇದು ನಂಬಿಕೆದ್ರೋಹವಲ್ಲದೆ ಮತ್ತೇನು? ಜಗಳವಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಜಗಳಕ್ಕೂ ನಾನು ಬೇಡವಾಗಿದ್ದೆ.

ಆದರೂ ಮಾನಗೆಟ್ಟ ಮನಸ್ಸು. ಖಾನಾಪುರಕ್ಕೆ ಬಂದು ಹೊಸ ಐಡಿ ಮಾಡಿದೆ. ಅದರಿಂದಲೇ ಎಲ್ಲೆಲ್ಲೋ ಚದುರಿದ್ದ ಸಹಪಾಠಿಗಳು ಮತ್ತೆ ಸಿಕ್ಕರು, ಇಲ್ಲವೆನ್ನುವುದಿಲ್ಲ. ಆದರೆ ಮೊದಲ ಸಂಜೆ ಹುಡುಕಿದ್ದು ನಮ್ಮ ಜೋಡಿ ಹೆಸರನ್ನೇ. ಆಕೆ ಆನ್‌ಲೈನ್ ಇದ್ದಾಳೆಂಬ ಗುರುತಿಗೆ ಅದರ ಮುಂದೆ ದೀಪ ಉರಿಯುತ್ತಿತ್ತು. ಹಲೋ ಎಂದು ಬರೆದೆ.

"ಯಾವ ಊರು?" ಎಂದು ಬಂತು.

ನಾನು ಕಲಿಸಿದ ಪ್ರಶ್ನೆಯೇ. ಹೆಸರು ಹೇಳಲು ಹಠ ಬಿಡಲಿಲ್ಲ. ಊರಿನಿಂದಲೇ ಗುರುತು ಹಿಡಿಯಲಿ ಎಂದು 'ಬೀಡಿ' ಎಂದು ಬರೆದೆ. ಬೀಡಿಯವರಲ್ಲಿ ಆಕೆಗೆ ಗೊತ್ತಿದ್ದವಳು ನಾನೊಬ್ಬಳೇ.

ನಮ್ಮಿಬ್ಬರ ಹೆಸರಿನ ಮುಂದಿದ್ದ ದೀಪ ಆರಿತು.