ನಾನು ಓದದೆ ಬಿಟ್ಟ ಸಾಲು

ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಬುಕ್‌ಮಾರ್ಕ್‌ಗಳ ನಡುವೆ ‘ಅರ್ಥ’ ಎಂಬ ಹೆಸರು ಕಣ್ಣಿಗೆ ಬಿತ್ತು. ಒತ್ತಿದೆ. ಏನೂ ಬರಲಿಲ್ಲ. ಅದು ತೆರೆಯುತ್ತಿದ್ದ ನಿಘಂಟಿನ ತಾಣ ಮುಚ್ಚಿ ಎಷ್ಟು ವರ್ಷವಾಯಿತೋ... ಆಂಟಿ ಮಾತ್ರ ಬಂದು ಎದುರಿಗೆ ಕೂತಂತಾಯಿತು.

ಆಗಿನ್ನೂ ಮನೆಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಮೈಸೂರಿನ ಗೋಕುಲಂನಲ್ಲಿ ನಾನೊಂದು ಪುಟ್ಟ ಸೈಬರ್ ಕೆಫೆ ನಡೆಸುತ್ತಿದ್ದೆ. ಆಂಟಿಯ ಮನೆ ಹಿಂದಿನ ರಸ್ತೆಯಲ್ಲಿ. ಯೋಗ ಕಲಿಯಲು ಬಂದಿದ್ದ ವಿದೇಶಿ ಹುಡುಗಿಯೊಬ್ಬಳು ಅವರ ಮಹಡಿ ಕೋಣೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದು, ಮುದ್ದೆ ನುಂಗುವುದನ್ನೂ ಕಲಿತು, ತನ್ನ ಊರಿಗೆ ಹೋಗಿದ್ದಳು. ಮತ್ತೆ ಬರುತ್ತಾಳೆಂದು ಆಂಟಿ ಕೋಣೆಯನ್ನು ಯಾರಿಗೂ ಕೊಡದೆ, ವಾರವಾರ ಗುಡಿಸಿ ಒರೆಸಿ, ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದರು.

ಆಂಟಿಗೆ ನಾನೇ ಮಾಡಿಕೊಟ್ಟಿದ್ದ ವಿಳಾಸಕ್ಕೆ ಅವಳ ಮೊದಲ ಈಮೇಲ್ ಬಂತು. ಆಂಟಿ ಕನ್ನಡ ಮೀಡಿಯಂನವರು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದರು, ಅರ್ಥವಾಗುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ನಡುವೆ, ‘ಅಮ್ಮನಿಗೆ ಕಾಯಿಲೆ, ನಾನಿನ್ನು ಮೈಸೂರಿಗೆ ಬರುವುದಿಲ್ಲ, ಕೋಣೆ ಬೇರೆಯವರಿಗೆ ಕೊಟ್ಟುಬಿಡಿ’ ಎಂದಿತ್ತು. ಆಂಟಿಯ ಮುಖ ನೋಡಿದೆ. ಆ ಸಾಲನ್ನು ಹಾರಿಸಿಬಿಟ್ಟೆ.

“ಇಷ್ಟುದ್ದ ಬರ್ದವ್ಳೆ, ಇಷ್ಟೇನಾ?” ಎಂದರು. ಮಾರನೇ ದಿನ ಬಂದು, “ನನ್ ಕಾಗ್ದ ನಾನೇ ಓದ್ಕೋತೀನಿ ಕಣಮ್ಮ. ಏನಾರ ದಾರಿ ಮಾಡ್ಕೊಡು” ಎಂದು ಪಟ್ಟು ಹಿಡಿದರು.

ದಾರಿ ಇತ್ತು. ಪದವನ್ನು ಮೌಸಿನಿಂದ ಗುರುತು ಮಾಡಿ ‘ಅರ್ಥ’ ಎಂಬ ಬುಕ್‌ಮಾರ್ಕ್ ಒತ್ತಿದರೆ ಕನ್ನಡದ ಅರ್ಥ ತೋರಿಸುವ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಮೊಂದು ನನಗೆ ಸಿಕ್ಕಿತ್ತು. ಆದರೆ ಅದು ಓದುತ್ತಿದ್ದ ಪುಟವನ್ನೇ ತೆಗೆದುಹಾಕಿ ಅದರ ಜಾಗಕ್ಕೆ ನಿಘಂಟನ್ನು ತರುತ್ತಿತ್ತು. “ಅಯ್ಯೋ, ಕಾಗ್ದ ಎಲ್ಲೋಯ್ತು?” ಎಂದು ಆಂಟಿಗೆ ಗಾಬರಿ. ಅರ್ಥ ಪಕ್ಕದಲ್ಲೊಂದು ಸಣ್ಣ ಕಿಟಕಿಯಲ್ಲಿ ಬರುವಂತೆ ಮಾಡಿದೆ. ಪದದ ಜೊತೆ ಅಲ್ಪವಿರಾಮ ಅಂಟಿಕೊಂಡು ಬಂದರೆ ‘ಪದ ಸಿಗಲಿಲ್ಲ’ ಎನ್ನುತ್ತಿತ್ತು. ಅದು ತಾನೇ ಉದುರುವಂತೆ ಮಾಡಿದೆ. ಹುಡುಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಸಾರು, ಗೊಜ್ಜುಗಳೂ ಸಿಗಲಿಲ್ಲ. “ಸಾರೇ ಗೊತ್ತಿಲ್ವಂತೆ, ಇದೆಂಥಾ ಕಂಪ್ಯೂಟ್ರಮ್ಮ!” ಎಂದು ಆಂಟಿ ನಕ್ಕಿದ್ದೇ ನಕ್ಕಿದ್ದು... ಅಂಥ ಮನೆಮಾತುಗಳದೊಂದು ಪಟ್ಟಿಯನ್ನೂ ಸೇರಿಸಿದೆ.

ಒಂದೊಂದು ಸರಿಹೋದಾಗಲೂ ಖುಷಿ, ಹಿಂದೆಯೇ ಅಳುಕು. ನನ್ನ ಕಳ್ಳತನ ಹಿಡಿಯುವುದಕ್ಕೆ ನಾನೇ ಅನುಕೂಲ ಮಾಡಿಕೊಡುತ್ತಿದ್ದೆನಲ್ಲ! ಆಗುವುದಿಲ್ಲ ಎಂದು ಕೈಚೆಲ್ಲಬಹುದಿತ್ತು. ಆದರೆ ಅರೆಬರೆ ಕೆಲಸ ನನ್ನ ಜಾಯಮಾನಕ್ಕೇ ಒಗ್ಗುವುದಿಲ್ಲ.

ಆಂಟಿ ದಿನಾ ಮಧ್ಯಾಹ್ನ ಬಂದು ಆ ಕಾಗದವನ್ನೇ ತೆರೆದು, ಪದಪದವನ್ನೂ ಒತ್ತಿ, ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೂರನೇ ದಿನ ಅವರ ಕೈ ನಿಂತಿತು.

“ಈ ಸಾಲು ನೀನು ಓದ್ಲಿಲ್ಲ.”

“ಬೇಜಾರ್ ಮಾಡ್ಕೋತೀರಿ ಅಂತ... ತಪ್ಪಾಯ್ತು ಆಂಟಿ.”

“ಅದ್ಕೇ ಬುಟ್ಬುಟ್ಟೆ ನೀನು. ಬೇಜಾರು ನಂದು ಕಣಮ್ಮ. ನಂಗ್ ಬಂದಿದ್ದು ನಂಗ್ ಕೊಡ್ಬೇಕು.”

ಅಷ್ಟೇ. ಕಣ್ಣೊರೆಸಿಕೊಂಡು ಮುಂದಿನ ಸಾಲಿಗೆ ಹೋದರು. ಆ ತಿಂಗಳೇ ಕೋಣೆಯನ್ನು ನರ್ಸಿಂಗ್ ಓದುವ ಇಬ್ಬರು ಹುಡುಗಿಯರಿಗೆ ಕೊಟ್ಟರು. ಕಾಗದಗಳು ಮಾತ್ರ ವರ್ಷಗಟ್ಟಲೆ ಬರುತ್ತಲೇ ಇದ್ದವು. ಏನು ಬರೆದಿದ್ದಾಳೆ ಎಂದು ಕೇಳಿದರೆ, “ನಂಗ್ ಬರ್ದಿರೋದು, ನಿಂಗ್ಯಾಕೆ?” ಎಂದು ರೇಗಿಸುತ್ತಿದ್ದರು. ನನಗೆ ಹೊಟ್ಟೆಯೂ ಉರಿಯುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಹೋದ ತಿಂಗಳು ಆಂಟಿ ತೀರಿಕೊಂಡರು. ಆ ಹುಡುಗಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ವಾರ ಬಾಗಿಲು ಸದ್ದಾದಾಗಲೆಲ್ಲ ಆಂಟಿ, “ಅವ್ಳು ಬಂದ್ಲಾ?” ಎನ್ನುತ್ತಿದ್ದರು. ಅದನ್ನು ಬರೆದೆ. ಅಷ್ಟು ದೂರದಲ್ಲಿರುವವಳಿಗೆ ಯಾಕೆ ಸಂಕಟ ಎಂದು ಅಳಿಸಿದೆ... ಆಮೇಲೆ ಮತ್ತೆ ಬರೆದು, ಕಳಿಸಿದೆ.