ಅಮವಾಸ್ಯೆ ಪೂಜೆಯ ಹೊತ್ತಿನಲ್ಲಿ ಕೊಟ್ಟ ಒಪ್ಪಿಗೆ

ಸುಮಂಗಲಾ, ಆ ಕೀಲಿಗೆ ಒಪ್ಪಿಗೆ ಕೊಟ್ಟವನು ನಾನು. ನಿನ್ನ ಕಂಪ್ಯೂಟರಿನಲ್ಲಿ, ನಿನ್ನ ಹೆಸರಿನಲ್ಲಿ — ನನ್ನ ಈ ಕೈಯಿಂದ.

ಮೂರು ವರ್ಷದಿಂದ ಇದನ್ನು ಬರೆಯಲು ಕೂತು ಎದ್ದಿದ್ದೇನೆ. ಈಗಲೂ ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಕಾಗದ ಮಡಚಿ ಜೇಬಿಗಿಡುತ್ತೇನೆ.

ಬ್ರೂಸ್‌ಪೇಟೆಯ ನಮ್ಮ ಆಫೀಸಿನ ಬಾಗಿಲು ತೆರೆಯುವವನು, ಮುಚ್ಚುವವನು ನಾನು. ಅಮವಾಸ್ಯೆ ಪೂಜೆಯೂ ನನ್ನದೇ. ಪೂಜೆ ಮುಗಿಯುವ ತನಕ ಯಾವ ಪರದೆಯೂ ಕಪ್ಪಾಗಬಾರದು — ಆ ಪದ್ಧತಿ ಹಾಕಿದವನೂ ನಾನೇ. ಅಂದು ನೀವೆಲ್ಲ ಕಂಪ್ಯೂಟರ್ ತೆರೆದಿಟ್ಟು, ಕೆಳಗೆ ಬಾಗಿಲಲ್ಲಿ ಕುಂಬಳಕಾಯಿ ಒಡೆಯಲು ಇಳಿದಿರಿ. ಕಂಪ್ಯೂಟರುಗಳಿಗೆ ವಿಭೂತಿ ಹಚ್ಚುತ್ತ ಮೇಲೆ ನಾನೊಬ್ಬನೇ ಉಳಿದೆ. ಆಗ ಮಹಾಂತೇಶನ ಫೋನ್ ಬಂತು. ಅವನು ನಮ್ಮಲ್ಲಿ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು.

"ಕಾಕಾ, ಸುಮಂಗಲಾನ ಖಾತೆದಾಗ ನನ್ನದೊಂದು ಹಳೇ ಕೀಲಿ ಐತ್ರಿ. ಹೊಸ ಲಾಗಿನ್ ಬಂದ ಮ್ಯಾಲ ಅದು ನಡಿವಲ್ದು. ಒಂದ ಗುಂಡಿ ಒತ್ತಿ ಬಿಡ್ರಿ. ಆಕಿನ್ನ ಕೇಳಿದ್ರ ಹತ್ತು ಪ್ರಶ್ನಿ ಹಾಕ್ತಾಳ."

ಹಿಂದೊಮ್ಮೆ ಅವನ ಖಾತೆ ಕೆಟ್ಟಾಗ ನೀನೇ ಅವನ ಎಸ್‌ಎಸ್‌ಎಚ್ ಕೀಲಿಯನ್ನು — ಕಂಪನಿಯ ಪ್ರೋಗ್ರಾಂಗಳಿರುವಲ್ಲಿಗೆ ಹೊರಗಿನಿಂದಲೇ ಒಳಹೋಗಲು ಬಿಡುವ ಗುರುತನ್ನು — ನಿನ್ನ ಖಾತೆಗೆ ಸೇರಿಸಿದ್ದೆಯಂತೆ. ಆಮೇಲೆ ತೆಗೆಯಲು ಮರೆತೆಯಂತೆ. ಎಲ್ಲರೂ ಕಂಪನಿಯ ಒಂದೇ ಲಾಗಿನ್‌ನಿಂದ ಒಳಬರಬೇಕೆಂಬ ನಿಯಮ ಬಂದ ಮೇಲೆ ಹಳೆಯ ಕೀಲಿಗಳೆಲ್ಲ ಸತ್ತಿದ್ದವು. ಒಳಬಂದವರು ಮತ್ತೆ ಒಪ್ಪಿಗೆ ಕೊಟ್ಟರಷ್ಟೇ ಅವಕ್ಕೆ ಜೀವ. ನೀನು ಒಳಬಂದಿದ್ದೆ, ಪರದೆ ತೆರೆದಿತ್ತು. ಅವನು ಹೇಳಿದಲ್ಲೆಲ್ಲ ನಾನು ಒತ್ತಿದೆ. ಮೌಸಿನ ಮೇಲೆ ನನ್ನ ಬೆರಳಿನ ವಿಭೂತಿ ಉಳಿಯಿತು — ಧೋತರದ ಚುಂಗಿನಿಂದ ಒರೆಸಿದೆ. ತಪ್ಪೆಂದು ಗೊತ್ತಿರದಿದ್ದರೆ ಯಾಕೆ ಒರೆಸುತ್ತಿದ್ದೆ...

ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆಂದು ನೀನು ಬರೆದ ತೂಕದ ಪ್ರೋಗ್ರಾಂ ಆ ಕೀಲಿಯಿಂದಲೇ ಹೊರಹೋಗಿ, ತಿಂಗಳೊಳಗೆ ಬೇರೆ ಕಂಪನಿಯ ಹೆಸರಲ್ಲಿ ಬಂತು. ಕೀಲಿಗೆ ಒಪ್ಪಿಗೆ ಕೊಟ್ಟವರೆಂದು ದಾಖಲೆಯಲ್ಲಿ ಇದ್ದದ್ದು ನಿನ್ನ ಹೆಸರು.

"ನಾ ಒಪ್ಪಿಗಿ ಕೊಟ್ಟಿಲ್ರಿ ಸರ್," ಎಂದೆ ನೀನು. ಮಾಲೀಕರು ನನ್ನ ಕಡೆ ತಿರುಗಿದರು. "ಈಕಿ ಜಾಗಾದಾಗ ಬ್ಯಾರೆ ಯಾರರ ಕೂತಿದ್ರೇನ್ರಿ, ವೀರಭದ್ರಪ್ಪ?"

ನಾಲಿಗೆ ಒಣಗಿತು. ಪೊಲೀಸ್ ಠಾಣೆ, ಓಣಿಯ ಜನ, ಮಗಳ ಮನೆಯ ಬೀಗರು — ಎಲ್ಲ ಒಮ್ಮೆಲೇ ಎದುರು ನಿಂತಂತೆ...

"ಯಾರೂ ಕೂತಿಲ್ರಿ."

ಅಂದೇ ನಿನ್ನನ್ನು ಕೆಲಸದಿಂದ ತೆಗೆದರು.

ಹೋದ ವಾರ ಕುರುಗೋಡಿನ ಬಸ್ಸಿನಲ್ಲಿ ನೀನು ಎದ್ದು ನನಗೆ ಸೀಟು ಕೊಟ್ಟೆ. ಮಕ್ಕಳಿಗೆ ಮನೆಪಾಠ ಹೇಳುತ್ತೇನೆ ಎಂದೆ. ಯಾವ ಕಂಪನಿಯವರೂ ನಮ್ಮ ಮಾಲೀಕರನ್ನು ವಿಚಾರಿಸಿದ ಮೇಲೆ ಮತ್ತೆ ಕರೆಯುವುದಿಲ್ಲ ಎಂದೆ. ಇಳಿಯುವಾಗ, "ನೀವೊಬ್ರು ನನ್ನ ಕಳ್ಳಿ ಅನ್ಲಿಲ್ಲ ನೋಡ್ರಿ ಕಾಕಾ."

ಅನ್ನಲಿಲ್ಲ. ಉಳಿದವರು ಅನ್ನುವಾಗ ಕೇಳುತ್ತ ನಿಂತಿದ್ದೆ.

ನಡೆದದ್ದನ್ನು ಬರೆದು ಈಗಷ್ಟೇ ಮಾಲೀಕರ ಮೇಜಿನ ಮೇಲಿಟ್ಟು ಬಂದೆ. ಆಫೀಸಿನ ಮೆಟ್ಟಿಲ ಮೇಲೆ ಕೂತು ಇದನ್ನು ನಿನಗೆ ಮುಗಿಸುತ್ತಿದ್ದೇನೆ. ಒಳಗೆ ಕುರ್ಚಿ ಸರಿದ ಸದ್ದು... ಅವರು ಮತ್ತೆ ಅದನ್ನೇ ಕೇಳುತ್ತಾರೆ, ಯಾರು ಕೂತಿದ್ದರು ಎಂದು.

"ನಾ ಕೂತಿದ್ದೆ ರೀ."

ಕರೆಯುವ ತನಕ ಇದೊಂದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೇನೆ — ನಾಲಿಗೆ ಮತ್ತೆ ಒಣಗದಿರಲೆಂದು.