ಅಳತೆಗೆ ಸೇರದ ಹಾಲು

೨೦೦೧ರ ಮಳೆಗಾಲದಲ್ಲಿ ನಾನು ಹಾಲು ಒಕ್ಕೂಟವೊಂದರ ವಿಸ್ತರಣಾಧಿಕಾರಿಯಾಗಿ ಮೂಡಿಗೆರೆ, ಕಳಸದ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದೆ. ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೂ ಒಕ್ಕೂಟಕ್ಕೂ ನಡುವೆ ಓಡಾಡುವ ಕೆಲಸ ಅದು. ಹಾಲು ಕೆಟ್ಟರೆ ಮೊದಲು ಉತ್ತರ ಹೇಳಬೇಕಾದವರೂ ನಾವೇ. ಆ ವರ್ಷಗಳಲ್ಲಿ ಡೈರಿ ಬರೆಯುವ ಅಭ್ಯಾಸವಿತ್ತು. ಈಗ ತೆಗೆದು ನೋಡಿದರೆ, ನೆನಪಿನಲ್ಲಿ ದೊಡ್ಡದಾಗಿ ನಿಂತಿರುವ ಸಂಗತಿಗಳಿಗೆ ಅದರಲ್ಲಿ ಒಂದೆರಡು ಸಾಲು ಮಾತ್ರ ಸಿಗುತ್ತದೆ. ಹಾಗಾಗಿ ಯಾವುದು ನಾನು ಕಂಡದ್ದು, ಯಾವುದು ಆಮೇಲೆ ಸೇರಿಕೊಂಡದ್ದು ಎಂಬ ಅನುಮಾನ ಬಂದ ಕಡೆ ಹಾಗೆಂದೇ ಬರೆಯುತ್ತೇನೆ.

ಕಾಫಿಗೆ ಬೆಲೆ ಬಿದ್ದುಹೋಗಿದ್ದ ಕಾಲ. ದೊಡ್ಡ ಎಸ್ಟೇಟಿನವರು ಹೇಗೋ ತಡೆದುಕೊಂಡರು. ಒಂದೆರಡು ಎಕರೆ ತೋಟ, ಚೂರು ಗದ್ದೆ ಇದ್ದವರಿಗೆ ಕೊಟ್ಟಿಗೆಯ ಹಸುವೇ ಆಧಾರವಾಗತೊಡಗಿತ್ತು. ಆದರೆ ಸುತ್ತಲೂ ಹಾಲು ಕರೆಯುವವರಿದ್ದರೂ ಕಳಸದ ವಿದ್ಯಾರ್ಥಿ ಹಾಸ್ಟೆಲಿಗೆ ಬಯಲುಸೀಮೆಯಿಂದ ಪ್ಯಾಕೆಟ್ ಹಾಲು ಬರುತ್ತಿತ್ತು. ದಾರಿಗೆ ಮರ ಬಿದ್ದ ದಿನ ಅದೂ ಇಲ್ಲ, ಮಕ್ಕಳಿಗೆ ಕರಿಕಾಫಿ. ಇಲ್ಲಿಯ ಹಾಲು ಇಲ್ಲಿಯವರಿಗೇ ಸಿಗಲಿ ಎಂದು ನಾವು ಒಂದು ಪ್ರಯೋಗ ಹೂಡಿದೆವು. ನೇರಳೆಗದ್ದೆಯ ಸಂಘದ ಹಾಲನ್ನು ಬೆಳಿಗ್ಗೆ ಜೀಪಿನಲ್ಲಿ ನೇರವಾಗಿ ಹಾಸ್ಟೆಲಿಗೆ ಮುಟ್ಟಿಸುವುದು. (ಊರಿನ ಹೆಸರು ಬದಲಿಸಿದ್ದೇನೆ.) ಮಳೆಗಾಲ ಮುಗಿಯುವವರೆಗೆ ನೋಡೋಣ ಎಂದು ವಾರ್ಡನ್ ಒಪ್ಪಿದರು. ಇದಕ್ಕಾಗಿಯೇ ಸಂಘದ ಮೂಲಕ ಸಾಲ ಕೊಡಿಸಿ, ಹಲವು ಮನೆಗಳಿಗೆ ಗಬ್ಬದ ಹಸುಗಳನ್ನು ತರಿಸಿದ್ದೆವು.

ಸಂಘದ ಕಾರ್ಯದರ್ಶಿ ನಾಗೇಶ. ಒಂದೂವರೆ ಎಕರೆ ಕಾಫಿ ಇದ್ದ, ಮಾತು ಕಡಿಮೆಯ ಯುವಕ. ಬೆಳಿಗ್ಗೆ ಹಾಲು ಅಳೆದು, ಸ್ಯಾಂಪಲ್ ತೆಗೆದು, ಕ್ಯಾನಿಗೆ ಸುರಿಯುವುದು ಅವರ ಕೆಲಸ. ಮೊದಲ ಕೆಲವು ವಾರ ಯಾವ ತೊಂದರೆಯೂ ಬರಲಿಲ್ಲ. ಒಂದು ಬೆಳಿಗ್ಗೆ ಹಾಸ್ಟೆಲಿನ ಒಲೆಯ ಮೇಲೆ ಹಾಲು ಒಡೆಯಿತು.

ಇದನ್ನು ಪತ್ತೆ ಮಾಡಲು ನಮ್ಮಲ್ಲಿ ಸಿ.ಓ.ಬಿ. ಎಂಬ ಪರೀಕ್ಷೆ ಇದೆ, ಕ್ಲಾಟ್ ಆನ್ ಬಾಯ್ಲಿಂಗ್. ಗಾಜಿನ ನಳಿಗೆಯಲ್ಲಿ ಸ್ವಲ್ಪ ಹಾಲು ಕಾಯಿಸುವುದು, ಚೂರು ಚೂರಾಗಿ ಒಡೆದರೆ ಕ್ಯಾನನ್ನು ತಿರಸ್ಕರಿಸುವುದು. ಹಾಲು ಹುಳಿಯಾಗಿದ್ದರೆ, ಪಾತ್ರೆ ಕೊಳಕಾಗಿದ್ದರೆ, ಏನಾದರೂ ಬೆರೆಸಿದ್ದರೆ, ಇಲ್ಲವೇ ಹೊಸದಾಗಿ ಕರು ಹಾಕಿದ ಹಸುವಿನ ಗಿಣ್ಣುಹಾಲು ಸೇರಿದ್ದರೆ ಹೀಗಾಗುತ್ತದೆ. ನಾನು ಒಂದೊಂದನ್ನೇ ತೆಗೆದುಹಾಕುತ್ತಾ ಹೋದೆ. ಕ್ಯಾನುಗಳನ್ನು ಕುದಿನೀರಿನಲ್ಲಿ ತೊಳೆಸಿದೆ. ಸಭೆ ಕರೆದು, ಗಿಣ್ಣುಹಾಲನ್ನು ಯಾರಾದರೂ ಮಾರುತ್ತಿದ್ದೀರಾ ಎಂದು ಕೇಳಿದೆ. ಅವರಿಗೆ ಬೇಸರವೇ ಆಯಿತು. ಹಿಂದಿನ ಸಾಲಿನಲ್ಲಿದ್ದ ಪುಟ್ಟಮ್ಮ ಎಂಬ ಹಿರಿಯರು, "ಗಿಣ್ಣು ಮಾರೋ ಮನೆ ಈ ಊರಲ್ಲಿ ಇಲ್ಲ ಮೇಡಂ. ಮಾರಿದ್ರೆ ಕರುವಿಗೆ ಆಗಿ ಬರಲ್ಲ" ಎಂದರು. ಆ ಅನುಮಾನವನ್ನೂ ನಾನು ಬಿಟ್ಟೆ.

ನಾಗೇಶ ಸ್ಪಿರಿಟ್ ಲ್ಯಾಂಪ್ ತರಿಸಿಕೊಂಡು ಪ್ರತಿಯೊಬ್ಬರ ಸ್ಯಾಂಪಲನ್ನೂ ಕಾಯಿಸಿ ನೋಡತೊಡಗಿದರು. ಯಾರದೂ ಒಡೆಯಲಿಲ್ಲ. ಆದರೂ ಮುಂದಿನ ವಾರ ಹಾಸ್ಟೆಲಿನಲ್ಲಿ ಮತ್ತೆ ಹಾಲು ಒಡೆಯಿತು. ವಾರ್ಡನ್ ನನ್ನನ್ನು ಕರೆಸಿದರು. ಸಿಟ್ಟಿನ ಮನುಷ್ಯರಲ್ಲ, ಅದಕ್ಕೇ ಆ ಮಾತು ಹೆಚ್ಚು ನಾಟಿತು.

"ಇನ್ನೊಂದು ಸಲ ಹೀಗಾದ್ರೆ ಪ್ಯಾಕೆಟ್ಟಿಗೇ ಹೋಗ್ತೇನೆ ಮೇಡಂ. ಈ ಮಕ್ಕಳ ಮೇಲೆ ಪ್ರಯೋಗ ಮಾಡೋಕೆ ನನಗೆ ಧೈರ್ಯ ಇಲ್ಲ."

ಹಾಸ್ಟೆಲ್ ಕೈಬಿಟ್ಟರೆ ಜೀಪು ನಿಲ್ಲುತ್ತಿತ್ತು. ಜೀಪು ನಿಂತರೆ ಸಾಲದ ಹಸುಗಳ ಹಾಲು ಆ ಗುಡ್ಡದಿಂದ ಇಳಿಯಲು ಬೇರೆ ದಾರಿಯಿರಲಿಲ್ಲ.

ಅಂದು ಸಂಜೆಯ ಸಭೆಯಲ್ಲಿ ಯಾರೂ ಕೂರಲಿಲ್ಲ. ಸಂಘದ ನಿರ್ದೇಶಕರಲ್ಲಿ ಒಬ್ಬರಾದ ಪೂರ್ಣೇಶ ಬಾಗಿಲಿಗೆ ಒರಗಿ ನಿಂತು, ಎಲ್ಲರ ತಲೆಯಲ್ಲೂ ಇದ್ದುದನ್ನು ನಗುತ್ತಲೇ ಹೇಳಿದರು: "ಎಲ್ಲರ ಹಾಲೂ ಸರಿ, ಕ್ಯಾನಿಗೆ ಬಿದ್ಮೇಲೆ ಮಾತ್ರ ಒಡೀತದೆ. ಹಂಗಾದ್ರೆ ನಡುವೆ ಇರೋನು ಯಾರು ಮಾರಾಯ?"

ನಾಗೇಶ ಎಚ್ಚರಿಕೆ ವಹಿಸಿದಷ್ಟೂ ಅನುಮಾನ ಅವರ ಸುತ್ತಲೇ ಬಿಗಿಯುತ್ತಿತ್ತು. ಒಳ್ಳೆಯ ಹಾಲು ತೆಗೆದು ನೀರು ಸೇರಿಸುತ್ತಾರೆ, ನೀರು ಗೊತ್ತಾಗದಿರಲಿ ಎಂದು ಇನ್ನೇನೋ ಹಾಕುತ್ತಾರೆ ಎಂಬ ಮಾತು ಅಷ್ಟರಲ್ಲೇ ಓಡಾಡಿತ್ತು. ನಾಗೇಶ ಜೇಬಿನಿಂದ ಸಂಘದ ಕೀಲಿಕೈ ತೆಗೆದು ಪೂರ್ಣೇಶರ ಕೈಗೆ ಕೊಟ್ಟು, "ನಾಳೆ ಮೇಡಂ ಬಂದು ಕೂತು ನೋಡ್ಲಿ. ನಾನೇ ಅಂತ ಆದ್ರೆ ಮತ್ತೆ ಈ ಬಾಗಿಲಿಗೆ ಬರಲ್ಲ" ಎಂದರು. ನಾನು ಅವರನ್ನು ನಂಬಿದ್ದೆ ಎಂದು ಇವತ್ತು ಬರೆಯುವುದು ಸುಲಭ. ಡೈರಿಯಲ್ಲಿ ಆ ದಿನ ಅವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನು ನೇರಳೆಗದ್ದೆಯಲ್ಲಿದ್ದೆ. ಪೂರ್ಣೇಶ ಬಾಗಿಲು ತೆಗೆದು ಅಲ್ಲೇ ಕಾವಲಿನವರ ಹಾಗೆ ನಿಂತರು. ನಾನು ಕ್ಯಾನುಗಳ ಪಕ್ಕದ ಸ್ಟೂಲಿನಲ್ಲಿ ಕೂತೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಜನ ಒಬ್ಬೊಬ್ಬರಾಗಿ ಬಂದರು. ನಾಗೇಶ ಅಳೆದರು, ಸ್ಯಾಂಪಲ್ ತೆಗೆದರು, ಕಾಯಿಸಿದರು, ಸುರಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಮೊದಲ ಕ್ಯಾನು ತುಂಬಿತು, ಕಾಯಿಸಿದಾಗ ಹಾಲು ಸರಿಯಿತ್ತು. ಎರಡನೆಯದು ತುಂಬುತ್ತಿದ್ದಾಗ ಪುಟ್ಟಮ್ಮ ಬಂದರು. ಅವರ ಹಾಲನ್ನು ಅಳೆದು ಕಾಯಿಸಿಯಾಯಿತು, ಚೀಟಿ ಸಿಕ್ಕಿತು. ಹೋಗುವ ಮುಂಚೆ ಅವರು ಸೆರಗಿನ ಮರೆಯಿಂದ ಒಂದು ಸಣ್ಣ ಚೊಂಬು ತೆಗೆದು, ಅದರ ಬಾಯಿಗೆ ಮುಚ್ಚಿದ್ದ ಕೆಸುವಿನೆಲೆ ಸರಿಸಿ, ಕ್ಯಾನಿಗೆ ಬಗ್ಗಿಸಿ, ಕೈಯನ್ನು ಕಣ್ಣಿಗೊತ್ತಿಕೊಂಡರು. ಯಾರೂ ತಿರುಗಿ ನೋಡಲಿಲ್ಲ. ಆ ಹಾಲು ಹಳದಿಯಾಗಿದ್ದುದನ್ನು ನೋಡಿದೆ ಎಂದು ಎಷ್ಟೋ ಕಡೆ ಹೇಳಿದ್ದೇನೆ. ನಿಜಕ್ಕೂ ನೋಡಿದ್ದೆನೋ ಇಲ್ಲವೋ ಈಗ ಖಚಿತವಿಲ್ಲ.

ಉಳಿದವರು ಏನು ಮಾಡುತ್ತಾರೆ ನೋಡೋಣವೆಂದು ನಾನು ಕೂತೇ ಇದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಹೆಂಗಸು ಹಾಗೆಯೇ ಒಂದು ಲೋಟ ಬಗ್ಗಿಸಿದರು. ಅವರ ಹಿಂದೆಯೇ ಬಂದ ಪೂರ್ಣೇಶರ ಹೆಂಡತಿಯೂ ಅಳತೆ ಮುಗಿಸಿ, ಗಂಡ ಎರಡು ಮಾರು ದೂರದಲ್ಲಿ ನಿಂತಿರುವಾಗಲೇ, ಒಂದು ಲೋಟ ಹಾಲು ಸುರಿದು ಹೊರಟರು. ನಾನು ಎಲ್ಲರಿಗೂ ನಿಲ್ಲಲು ಹೇಳಿ, ಆ ಕ್ಯಾನಿನ ಹಾಲು ಕಾಯಿಸಲು ನಾಗೇಶರಿಗೆ ಹೇಳಿದೆ. ಹಾಲು ಒಡೆಯಿತು.

ಚೊಂಬಿನಲ್ಲಿ ಏನಿತ್ತು ಎಂದು ಪುಟ್ಟಮ್ಮನವರನ್ನು ಕೇಳಿದೆ.

"ಗಿಣ್ಣು. ನಾಲ್ಕನೇ ದಿನದ್ದು."

"ಸಭೆಯಲ್ಲಿ ಇಲ್ಲ ಅಂದಿದ್ರಲ್ಲಮ್ಮ?"

"ಮಾರ್ತೀರಾ ಅಂತ ಕೇಳಿದ್ರಿ. ಅಳತೆಗೆ ಹಾಕಿದ್ದು ಹಳೇ ಹಸುವಿನ ಹಾಲು, ಇದನ್ನ ನಾನು ಅಳತೆಗೆ ಹಾಕಿಸಿದ್ನಾ ಹೇಳಿ? ಕರು ಹಾಕಿದ್ರೆ ನೆರೆಮನೆಗೆಲ್ಲ ಗಿಣ್ಣು ಕೊಡ್ತೇವೆ. ಹಸು ಕೊಡ್ಸಿದ ಸೊಸೈಟಿಗೆ ಒಂದು ಪಾಲು ಬೇಡ್ವಾ? ಅಷ್ಟು ದೊಡ್ಡ ಕ್ಯಾನಿಗೆ ಒಂದು ಲೋಟ ಎಂತ ಮಾಡ್ತದೆ ಅಂದ್ಕೊಂಡೆ."

ಉಳಿದಿಬ್ಬರೂ ಹಾಗೆಯೇ ಅಂದುಕೊಂಡಿದ್ದರು. ನಾವು ತರಿಸಿದ್ದ ಹಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕರು ಹಾಕುತ್ತಿದ್ದವು. ಒಂದೇ ಮನೆಯ ಲೋಟವಾಗಿದ್ದರೆ ಕ್ಯಾನು ತಾಳಿಕೊಳ್ಳುತ್ತಿತ್ತೋ ಏನೋ. ಹಲವು ಮನೆಯ ಪಾಲು ಒಟ್ಟಿಗೆ ಬಿದ್ದ ದಿನ ಹಾಲು ಒಡೆಯುತ್ತಿತ್ತು. ಇದನ್ನು ಕಂಡಿರಲಿಲ್ಲವೇ ಎಂದು ನಾಗೇಶರನ್ನು ಕೇಳಿದೆ. ಕಂಡಿದ್ದರು. ಅಳತೆಯ ಮೇಲೆ ಕೊಸರು ಹಾಕುತ್ತಾರೆ ಎಂದುಕೊಂಡಿದ್ದರಂತೆ. "ಸುಮ್ಮನೆ ಕೊಟ್ಟದ್ದನ್ನ ಟೆಸ್ಟ್ ಮಾಡ್ತೇನೆ ಅಂತ ಹೆಂಗೆ ಹೇಳೋದು ಮೇಡಂ?"

ಆಮೇಲೆ ಪೂರ್ಣೇಶರ ಕಡೆ ತಿರುಗಿ, ಸ್ವಲ್ಪವೂ ದನಿ ಏರಿಸದೆ, "ನಡುವೆ ಇರೋರು ಯಾರು ಅಂತ ಕೇಳಿದ್ರಲ್ಲ ಪೂರ್ಣೇಶಣ್ಣ. ಅತ್ತಿಗೆ ಇದ್ರು ನೋಡಿ" ಎಂದರು. ಜನ ನಕ್ಕರು. ಪೂರ್ಣೇಶ ನಗಲಿಲ್ಲ. ಕೀಲಿಕೈಯನ್ನು ಕ್ಯಾನಿನ ಮುಚ್ಚಳದ ಮೇಲಿಟ್ಟು ಹೊರಗೆ ಹೋದರು.

ಆದರೆ ಜೀಪು ಬಂದು ನಿಂತಿತ್ತು, ನಮ್ಮ ಬಳಿ ಒಳ್ಳೆಯ ಹಾಲು ಉಳಿದಿದ್ದುದು ಮೊದಲಿನ ಒಂದೇ ಕ್ಯಾನಿನಲ್ಲಿ. ಅರ್ಧ ಹಾಲು ಕಳಿಸಿದರೆ ವಾರ್ಡನ್ ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹೊರಗೆ ಹೋದ ಪೂರ್ಣೇಶ ಕೋಪಿಸಿಕೊಂಡು ಹೋದರೆಂದು ನಾನು ತಿಳಿದಿದ್ದೆ. ಅವರು ತಮ್ಮ ಮನೆಗೆ ಇಟ್ಟುಕೊಂಡಿದ್ದ ಹಾಲನ್ನು ಪಾತ್ರೆ ಸಮೇತ ಹಿಡಿದು ವಾಪಸು ಬಂದರು. ಅದನ್ನು ನೋಡಿ ಉಳಿದವರೂ ಮನೆಗೆ ಓಡಿದರು. ಅಡುಗೆಮನೆಗಳಿಂದ ಬಂದ ಹಾಲನ್ನು ನಾಗೇಶ ಒಂದೊಂದಾಗಿ ಕಾಯಿಸಿ ನೋಡಿ ಅಳೆದರು. ಅಂದು ನೇರಳೆಗದ್ದೆಯಲ್ಲಿ ಎಲ್ಲರೂ ಕರಿಕಾಫಿ ಕುಡಿದರು, ನಾನೂ ಕುಡಿದೆ. ಹಾಸ್ಟೆಲಿನ ಒಲೆಯ ಮುಂದೆ ವಾರ್ಡನ್, ಅಡುಗೆಯವರು, ನಾನು ಮೂವರೂ ನಿಂತಿದ್ದೆವು. ಹಾಲು ಉಕ್ಕಿ ಬಂತು. ಒಡೆಯಲಿಲ್ಲ.

ಅಳೆಯದ ಹಾಲು ಕ್ಯಾನಿಗೆ ಬೀಳಕೂಡದು ಎಂದು ಆ ವಾರವೇ ನಿಯಮ ಮಾಡಿದೆವು. ಎಲ್ಲರೂ ಒಪ್ಪಿದರು. ಪುಟ್ಟಮ್ಮ ಮಾತ್ರ, "ಹಂಗಾದ್ರೆ ಸೊಸೈಟಿ ಅಂದ್ರೆ ಇನ್ಮೇಲೆ ಬರೀ ಅಂಗಡಿ ಅನ್ನಿ" ಎಂದರು. ಮುಂದಿನ ಸಲ ಹೋದಾಗ ಕ್ಯಾನುಗಳ ಪಕ್ಕದಲ್ಲಿ ಮುಚ್ಚಳವಿದ್ದ ಒಂದು ಪಾತ್ರೆ ಕಂಡಿತು. ನಾಗೇಶ ಮನೆಯಿಂದ ತಂದಿಟ್ಟಿದ್ದರು. ಗಿಣ್ಣಿನ ಪಾಲು ಅದಕ್ಕೆ ಬೀಳುತ್ತಿತ್ತು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಅದೇ ಜೀಪಿನಲ್ಲಿ ಹಾಸ್ಟೆಲಿಗೆ ಹೋಗುತ್ತಿತ್ತು. ಅದನ್ನು ಯಾರೂ ಅಳೆಯಲಿಲ್ಲ. ಮಳೆಗಾಲ ಮುಗಿದ ಮೇಲೂ ವಾರ್ಡನ್ ಪ್ಯಾಕೆಟ್ಟಿನ ಮಾತು ಎತ್ತಲಿಲ್ಲ.

ಹಾಲು ಕೆಟ್ಟರೆ ಮೋಸವನ್ನು ಹುಡುಕಬೇಕೆಂದು ನಾನು ಓದಿ ಕಲಿತಿದ್ದೆ. ಆಮೇಲೆ ಯಾವ ಸಂಘದಲ್ಲಿ ತೊಂದರೆಯಾದರೂ, ಯಾರು ಏನು ಮಾರಿದಿರಿ ಎಂದು ಕೇಳಿದ ಮೇಲೆ, ಯಾರು ಏನು ಕೊಟ್ಟಿರಿ ಎಂದೂ ಕೇಳುತ್ತಿದ್ದೆ.